ರಾಬರ್ಟ್ ಕಾರ್ಟರ್ (ವರ್ಜೀನಿಯಾ)

ರಾಬರ್ಟ್ ಕಾರ್ಟರ್ (ಸು. 1664 – ಆಗಸ್ಟ್ 4, 1732) ಉತ್ತರ ಅಮೆರಿಕದಲ್ಲಿ ಬ್ರಿಟಿಷ್ ವಸಾಹತಾಗಿದ್ದ ವರ್ಜೀನಿಯಾದ ಭೂಮಾಲೀಕ, ಹೊಗೆಸೊಪ್ಪಿನ ತೋಟಗಳ ಒಡೆಯ ಮತ್ತು ರಾಜಕಾರಣಿ. ತನ್ನ ಕಾಲದ ವರ್ಜೀನಿಯಾದಲ್ಲಿ ಈತನಷ್ಟು ಶ್ರೀಮಂತರು ಬೇರೊಬ್ಬರಿರಲಿಲ್ಲ. ಸಂಪತ್ತು, ಅಧಿಕಾರ ಮತ್ತು ದರ್ಪದ ನಡವಳಿಕೆಗಳ ಕಾರಣದಿಂದ ಈತನಿಗೆ ಕಿಂಗ್ ಕಾರ್ಟರ್, ಅಂದರೆ ಕಾರ್ಟರ್ ದೊರೆ, ಎಂಬ ಅಡ್ಡಹೆಸರು ಬಂದಿತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಮೂವರು, ಇಬ್ಬರು ರಾಷ್ಟ್ರಾಧ್ಯಕ್ಷರು ಮತ್ತು ಸೇನಾಪತಿ ರಾಬರ್ಟ್ ಇ. ಲೀ ಈತನ ಸಂತತಿಗೆ ಸೇರಿದವರು. ಈ ಕುಟುಂಬದ ಐಶ್ವರ್ಯ ನಿಂತಿದ್ದುದು ಗುಲಾಮರ ದುಡಿಮೆಯ ಮೇಲೆ. ಆದ್ದರಿಂದ ಕಾರ್ಟರ್ ಮನೆತನ ಬಿಟ್ಟುಹೋದ ದಾಖಲೆಗಳು ಎರಡು ಬಗೆಯ ವಂಶಾವಳಿಗಳಿಗೆ ಆಧಾರವಾಗಿವೆ: ಒಂದು ಆಸ್ತಿಯನ್ನು ಪಡೆದವರದು, ಇನ್ನೊಂದು ಆಸ್ತಿಯೆಂದು ಎಣಿಸಲ್ಪಟ್ಟವರದು.

ವಂಶದ ಮೂಲ

ಈ ಮನೆತನದ ಅಮೆರಿಕದ ಶಾಖೆಯ ಮೂಲಪುರುಷ ರಾಬರ್ಟನ ತಂದೆ ಜಾನ್ ಕಾರ್ಟರ್. ಈತ 1635ರ ಸುಮಾರಿಗೆ ಇಂಗ್ಲೆಂಡಿನಿಂದ ವರ್ಜೀನಿಯಾಕ್ಕೆ ಬಂದನು. ಕೆಲಕಾಲದ ಅನಂತರ ರ‍್ಯಾಪಹ್ಯಾನಕ್ ನದಿಯ ಉತ್ತರ ದಂಡೆಯ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ನೆಲೆಸಿ, ಕೊರೊಟೊಮನ್ ಎಂಬ ಸ್ಥಳದಲ್ಲಿ ತೋಟವನ್ನು ಕಟ್ಟಿದನು. ಆ ಕಾಲದ ವರ್ಜೀನಿಯಾದಲ್ಲಿ ಹೊರಗಿನಿಂದ ಒಬ್ಬ ವ್ಯಕ್ತಿಯನ್ನು ತನ್ನ ಖರ್ಚಿನಲ್ಲಿ ಕರೆತಂದವನಿಗೆ 50 ಎಕರೆ ಭೂಮಿಯ ಹಕ್ಕು ದೊರೆಯುತ್ತಿತ್ತು. ಕರಾರಿನ ಮೇಲೆ ದುಡಿಯಲು ಬಂದ ಆಳುಗಳನ್ನೂ ಆಫ್ರಿಕದ ಗುಲಾಮರನ್ನೂ ತರಿಸುತ್ತಿದ್ದ ಧನಿಕರು ಇದರಿಂದ ಕೆಲಸಗಾರರ ಜೊತೆಗೆ ಭೂಮಿಯನ್ನೂ ಪಡೆಯುತ್ತಿದ್ದರು. ಜಾನ್ ಕಾರ್ಟರ್ ಈ ಪದ್ಧತಿಯ ಲಾಭ ಪಡೆದನು. ಆತ ವಸಾಹತಿನ ಪ್ರತಿನಿಧಿ ಸಭೆಯ ಸದಸ್ಯನಾಗಿಯೂ ಗವರ್ನರನ ಸಲಹಾ ಮಂಡಳಿಯ ಸದಸ್ಯನಾಗಿಯೂ ಕೆಲಸ ಮಾಡಿದನು.

ಜಾನ್ ಕಾರ್ಟರ್ ಐದು ಬಾರಿ ವಿವಾಹವಾದನು. ವಸಾಹತಿನ ಆರಂಭದ ದಶಕಗಳಲ್ಲಿ ರೋಗರುಜಿನಗಳಿಂದ ಸಾವು ಹೆಚ್ಚಾಗಿದ್ದುದರಿಂದ ಮರುವಿವಾಹಗಳು ಸಾಮಾನ್ಯವಾಗಿದ್ದವು. ಒಂದೇ ಮನೆಯಲ್ಲಿ ಬೇರೆ ಬೇರೆ ತಾಯಂದಿರ ಮಕ್ಕಳು ಬೆಳೆಯುತ್ತಿದ್ದರು. ಈ ಕಾರಣದಿಂದ ವರ್ಜೀನಿಯಾದ ಹಳೆಯ ಕುಟುಂಬಗಳ ವಂಶಾವಳಿಯನ್ನು ಗುರುತಿಸುವಾಗ ತಂದೆಯ ಹೆಸರು ಮಾತ್ರ ಸಾಲದು, ತಾಯಿ ಯಾರೆಂಬುದನ್ನೂ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ರಾಬರ್ಟ್ ಜಾನ್ ಕಾರ್ಟರನಿಗೂ ಸಾರಾ ಲಡ್ಲೊ ಎಂಬಾಕೆಗೂ ಜನಿಸಿದವನು. ತಂದೆಯ ಹೆಸರನ್ನೇ ಪಡೆದಿದ್ದ ಹಿರಿಯ ಮಗ ಜಾನ್ ಈತನ ಮಲಅಣ್ಣ.

ಬಾಲ್ಯ ಮತ್ತು ಶಿಕ್ಷಣ

ರಾಬರ್ಟ್ ಚಿಕ್ಕ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡನು. ತಂದೆಯ ಉಯಿಲಿನಲ್ಲಿ ಆಸ್ತಿಯ ದೊಡ್ಡ ಪಾಲು ಹಿರಿಯ ಮಗನಿಗೆ ಹೋಯಿತು. ಆದರೆ ಕಿರಿಯ ಮಗನ ಶಿಕ್ಷಣದ ಬಗ್ಗೆ ಆ ಉಯಿಲು ಸ್ಪಷ್ಟವಾದ ನಿರ್ದೇಶನವನ್ನು ನೀಡಿತ್ತು. ಲ್ಯಾಟಿನ್ ಶಾಲೆಯಲ್ಲಿ ಓದಿದ ಒಬ್ಬ ಆಳನ್ನು ಕೊಂಡು, ಅವನನ್ನು ಹುಡುಗನ ಸೇವೆಗೂ ಪಾಠಕ್ಕೂ ನೇಮಿಸಬೇಕೆಂದು ಅದರಲ್ಲಿ ಹೇಳಲಾಗಿತ್ತು. ಶಿಕ್ಷಕನನ್ನೂ ಕರಾರಿನ ಆಳಾಗಿ ಕೊಳ್ಳಬಹುದಾಗಿದ್ದ ಸಮಾಜ ಅದು. ಮುಂದೆ ರಾಬರ್ಟನನ್ನು ಲಂಡನ್ನಿಗೆ ಕಳುಹಿಸಲಾಯಿತು. ಅಲ್ಲಿ ಸುಮಾರು ಆರು ವರ್ಷ ಇದ್ದು ವಿದ್ಯಾಭ್ಯಾಸ ಮಾಡಿದನು. ಇಂಗ್ಲೆಂಡಿನ ವರ್ತಕರೊಡನೆ ಜೀವನದುದ್ದಕ್ಕೂ ವ್ಯವಹರಿಸಿದ ಈತನಿಗೆ ಈ ವರ್ಷಗಳ ಅನುಭವ ಪ್ರಯೋಜನಕ್ಕೆ ಬಂದಿತು.

1690ರಲ್ಲಿ ಮಲಅಣ್ಣ ಜಾನ್ ಗಂಡುಸಂತಾನವಿಲ್ಲದೆ ಮರಣ ಹೊಂದಿದನು. ಕಿರಿಯ ಮಗನಾಗಿ ಸಾಧಾರಣ ಪಾಲಿನೊಡನೆ ಜೀವನ ಆರಂಭಿಸಿದ್ದ ರಾಬರ್ಟ್ ಆಗ ಕೊರೊಟೊಮನ್ ಆಸ್ತಿಗೆ ಒಡೆಯನಾದನು.

ರಾಜಕೀಯ ಜೀವನ

ಕಾರ್ಟರ್ 1690ರ ದಶಕದಲ್ಲಿ ಲ್ಯಾಂಕಾಸ್ಟರ್ ಕೌಂಟಿಯ ಪರವಾಗಿ ಪ್ರತಿನಿಧಿ ಸಭೆಗೆ ಆಯ್ಕೆಯಾಗಿ, ಅದರ ಸ್ಪೀಕರ್ ಸ್ಥಾನಕ್ಕೇರಿದನು. 1699ರಿಂದ 1705ರವರೆಗೆ ವಸಾಹತಿನ ಖಜಾಂಚಿಯಾಗಿದ್ದನು. 1700ರಲ್ಲಿ ಗವರ್ನರನ ಸಲಹಾ ಮಂಡಳಿಗೆ ನೇಮಕಗೊಂಡು ಸಾಯುವವರೆಗೂ ಅದರ ಸದಸ್ಯನಾಗಿ ಉಳಿದನು. ಈ ಮಂಡಳಿ ಗವರ್ನರನಿಗೆ ಸಲಹೆ ನೀಡುವುದರ ಜೊತೆಗೆ ಶಾಸನಸಭೆಯ ಮೇಲ್ಮನೆಯಾಗಿಯೂ ವಸಾಹತಿನ ಉಚ್ಚ ನ್ಯಾಯಾಲಯವಾಗಿಯೂ ಕೆಲಸ ಮಾಡುತ್ತಿತ್ತು. ಭೂಮಿಯ ಹಂಚಿಕೆ, ಶಾಸನ ಮತ್ತು ನ್ಯಾಯದಾನಗಳೆಲ್ಲ ಕೆಲವೇ ಕುಟುಂಬಗಳ ಕೈಯಲ್ಲಿ ಕೂಡಿಕೊಂಡಿದ್ದವು.

1726ರ ಜುಲೈನಲ್ಲಿ ಲೆಫ್ಟಿನೆಂಟ್ ಗವರ್ನರ್ ಹ್ಯೂ ಡ್ರೈಸ್ಡೇಲ್ ನಿಧನನಾದನು. ಸಲಹಾ ಮಂಡಳಿಯ ಹಿರಿಯ ಸದಸ್ಯ ಎಡ್ಮಂಡ್ ಜೆನಿಂಗ್ಸ್ ಅಧಿಕಾರ ವಹಿಸಿಕೊಳ್ಳಲು ಅಶಕ್ತನಾಗಿದ್ದುದರಿಂದ ಕಾರ್ಟರ್ ಮಂಡಳಿಯ ಅಧ್ಯಕ್ಷನಾಗಿ ಹಂಗಾಮಿ ಗವರ್ನರನ ಹೊಣೆ ಹೊತ್ತನು. 1727ರ ಸೆಪ್ಟೆಂಬರಿನಲ್ಲಿ ವಿಲಿಯಂ ಗೂಚ್ ಇಂಗ್ಲೆಂಡಿನಿಂದ ಬರುವವರೆಗೂ ಈ ಸ್ಥಾನದಲ್ಲಿದ್ದನು.

ನಾರ್ದರ್ನ್ ನೆಕ್ ಭೂಪ್ರದೇಶ

ಕಾರ್ಟರನ ಸಂಪತ್ತಿನ ದೊಡ್ಡ ಭಾಗ ಒದಗಿದ್ದು ನಾರ್ದರ್ನ್ ನೆಕ್ ಪ್ರದೇಶದ ಆಡಳಿತದಿಂದ. ಪೊಟೋಮ್ಯಾಕ್ ಮತ್ತು ರ‍್ಯಾಪಹ್ಯಾನಕ್ ನದಿಗಳ ನಡುವಿನ ಈ ಪ್ರದೇಶವನ್ನು ಎರಡನೆಯ ಚಾರ್ಲ್ಸ್ ದೊರೆ 1649ರಲ್ಲಿ ತನ್ನ ಬೆಂಬಲಿಗರಿಗೆ ದಾನವಾಗಿ ನೀಡಿದ್ದನು. ಮುಂದೆ ಅದು ಕಲ್ಪೆಪರ್ ಕುಟುಂಬದ ಮೂಲಕ ಫೇರ್‌ಫ್ಯಾಕ್ಸ್ ಕುಟುಂಬಕ್ಕೆ ಸೇರಿತು. ನದಿಗಳ ಮೂಲದವರೆಗೂ ಎಣಿಸಿದರೆ ಅದರ ವಿಸ್ತೀರ್ಣ 50 ಲಕ್ಷ ಎಕರೆಗೂ ಹೆಚ್ಚು. ಒಡೆಯರು ಇಂಗ್ಲೆಂಡಿನಲ್ಲಿಯೇ ಇದ್ದು, ಸ್ಥಳೀಯ ಪ್ರತಿನಿಧಿಯೊಬ್ಬನ ಮೂಲಕ ಭೂಮಿಯನ್ನು ಹಂಚಿ ವಾರ್ಷಿಕ ಕಂದಾಯವನ್ನು ಪಡೆಯುತ್ತಿದ್ದರು. ಕಾರ್ಟರ್ 1702ರಿಂದ 1711ರವರೆಗೆ, ಮತ್ತೆ 1722ರಿಂದ 1732ರವರೆಗೆ ಈ ಪ್ರತಿನಿಧಿಯಾಗಿದ್ದನು.

ಭೂಮಿಯನ್ನು ಮಂಜೂರು ಮಾಡುವ ಅಧಿಕಾರ ತನ್ನ ಕೈಯಲ್ಲಿದ್ದುದರಿಂದ ಕಾರ್ಟರ್ ಫಲವತ್ತಾದ ವಿಶಾಲ ಪ್ರದೇಶಗಳನ್ನು ತನಗೂ ತನ್ನ ಮಕ್ಕಳು, ಅಳಿಯಂದಿರು ಹಾಗೂ ಮೊಮ್ಮಕ್ಕಳಿಗೂ ಬರೆಸಿಕೊಂಡನು. ಹೊಗೆಸೊಪ್ಪಿನ ಬೇಸಾಯಕ್ಕೂ ಈ ಭೂದಾಹಕ್ಕೂ ಸಂಬಂಧವಿದೆ. ಹೊಗೆಸೊಪ್ಪು ಕೆಲವೇ ವರ್ಷಗಳಲ್ಲಿ ನೆಲದ ಸಾರವನ್ನು ಹೀರಿಬಿಡುತ್ತದೆ. ಬಳಲಿದ ನೆಲವನ್ನು ದೀರ್ಘಕಾಲ ಬೀಳುಬಿಟ್ಟು, ಹೊಸ ಕಾಡನ್ನು ಕಡಿದು ಬೇಸಾಯ ಮಾಡಬೇಕಾಗುತ್ತಿತ್ತು. ಮಕ್ಕಳಿಗೆಲ್ಲ ತೋಟಗಳನ್ನು ಬಿಟ್ಟುಹೋಗಬೇಕೆನ್ನುವವನಿಗೆ ಉಪಯೋಗಕ್ಕೆ ಬರುವ ಭೂಮಿಗಿಂತ ಬಹುಪಾಲು ಹೆಚ್ಚು ಭೂಮಿ ಬೇಕಾಗಿತ್ತು. 1728ರಲ್ಲಿ ಕಾರ್ಟರ್ ತನ್ನ ಪುತ್ರರಾದ ರಾಬರ್ಟ್ ಮತ್ತು ಚಾರ್ಲ್ಸ್ ಹಾಗೂ ಅಳಿಯ ಮ್ಯಾನ್ ಪೇಜ್ ಜೊತೆಗೂಡಿ ತಾಮ್ರದ ಗಣಿಗಾರಿಕೆಗಾಗಿ ಒಂದು ಕಂಪನಿಯನ್ನೂ ಸ್ಥಾಪಿಸಿದನು.

ಗುಲಾಮರ ಒಡೆತನ

ಕಾರ್ಟರನ ಜೀವಿತಾವಧಿಯಲ್ಲಿಯೇ ವರ್ಜೀನಿಯಾದ ದುಡಿಮೆಯ ವ್ಯವಸ್ಥೆ ಬದಲಾಯಿತು. ಹಿಂದೆ ನಿಗದಿತ ವರ್ಷಗಳ ಕರಾರಿನ ಮೇಲೆ ಇಂಗ್ಲೆಂಡಿನಿಂದ ಬರುತ್ತಿದ್ದ ಆಳುಗಳ ಸ್ಥಾನವನ್ನು ಆಫ್ರಿಕದಿಂದ ಬಲವಂತವಾಗಿ ತಂದ ಗುಲಾಮರು ತುಂಬಿದರು. 1662ರ ಶಾಸನದಂತೆ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತಿತ್ತು. ತಾಯಿ ಗುಲಾಮಳಾಗಿದ್ದರೆ, ತಂದೆ ಯಾರೇ ಆಗಿರಲಿ, ಮಗುವೂ ಗುಲಾಮ. ಆಸ್ತಿ ಮತ್ತು ಹೆಸರು ತಂದೆಯಿಂದ ಬರುವುದು ಇಂಗ್ಲಿಷರ ಸಂಪ್ರದಾಯವಾಗಿತ್ತು. ಗುಲಾಮರ ವಿಷಯದಲ್ಲಿ ಮಾತ್ರ ಈ ಸಂಪ್ರದಾಯವನ್ನು ತಿರುಗಿಸಿದ್ದರಿಂದ ದಾಸ್ಯವೇ ತಲೆಮಾರಿನಿಂದ ತಲೆಮಾರಿಗೆ ಹರಿಯುವ ಆಸ್ತಿಯಾಯಿತು. 1705ರ ಶಾಸನ ಗುಲಾಮರನ್ನು ಉತ್ತರಾಧಿಕಾರದ ದೃಷ್ಟಿಯಿಂದ ಸ್ಥಿರಾಸ್ತಿಯೆಂದು ಪರಿಗಣಿಸಿತು.

ಕಾರ್ಟರ್ ತನ್ನ ತೋಟಗಳಿಗೆ ಗುಲಾಮರನ್ನು ಕೊಂಡುದಲ್ಲದೆ, ಇಂಗ್ಲೆಂಡಿನ ವರ್ತಕರ ಪರವಾಗಿ ಹಡಗುಗಳಲ್ಲಿ ಬಂದ ಆಫ್ರಿಕನ್ನರನ್ನು ಮಾರಿಕೊಟ್ಟು ದಲ್ಲಾಳಿ ಹಣವನ್ನೂ ಪಡೆಯುತ್ತಿದ್ದನು. ಹೊಸದಾಗಿ ಬಂದವರಿಗೆ ಇಂಗ್ಲಿಷ್ ಹೆಸರುಗಳನ್ನು ಇಡಲಾಗುತ್ತಿತ್ತು. ಅವರು ಆ ಹೆಸರಿಗೆ ಓಗೊಡುವವರೆಗೂ ಅದನ್ನು ಮತ್ತೆ ಮತ್ತೆ ಹೇಳಿಸಲಾಗುತ್ತಿತ್ತೆಂಬುದು 1727ರಲ್ಲಿ ಆತ ತನ್ನ ಮೇಲ್ವಿಚಾರಕನಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ತಾಯ್ನಾಡಿನಲ್ಲಿ ಅವರಿಗಿದ್ದ ಹೆಸರುಗಳು ಬಹುಮಟ್ಟಿಗೆ ದಾಖಲಾಗಲೇ ಇಲ್ಲ.

ಓಡಿಹೋದವರಿಗೆ ನೀಡುತ್ತಿದ್ದ ಶಿಕ್ಷೆ ಕ್ರೂರವಾಗಿತ್ತು. 1708ರಲ್ಲಿ ಬಂಬಾರಾ ಹ್ಯಾರಿ ಮತ್ತು ಡೈನಾ ಎಂಬ ಇಬ್ಬರು ಗುಲಾಮರ ಕಾಲ್ಬೆರಳುಗಳನ್ನು ಕತ್ತರಿಸಲು ಲ್ಯಾಂಕಾಸ್ಟರ್ ಕೌಂಟಿಯ ನ್ಯಾಯಾಲಯ ಕಾರ್ಟರನಿಗೆ ಅನುಮತಿ ನೀಡಿತು. ಇಂತಹ ಅಂಗಚ್ಛೇದಕ್ಕೆ ವಸಾಹತಿನ ಕಾನೂನೇ ಅವಕಾಶ ಕಲ್ಪಿಸಿತ್ತು. ಬಂಬಾರಾ ಎಂಬುದು ಪಶ್ಚಿಮ ಆಫ್ರಿಕದ ಒಂದು ಜನಾಂಗದ ಹೆಸರು. ಒಡೆಯನಿಟ್ಟ ಹೆಸರಿನ ಹಿಂದೆ ಉಳಿದುಕೊಂಡ ಆ ಒಂದು ಪದ ಹ್ಯಾರಿಯ ಮೂಲದ ಸುಳಿವನ್ನು ನೀಡುತ್ತದೆ.

ವಿವಾಹ ಮತ್ತು ಮಕ್ಕಳು

ಕಾರ್ಟರ್ 1688ರಲ್ಲಿ ಜುಡಿತ್ ಆರ್ಮಿಸ್ಟೆಡ್ ಎಂಬಾಕೆಯನ್ನು ವಿವಾಹವಾದನು. ಆಕೆ 1699ರಲ್ಲಿ ತೀರಿಕೊಂಡಳು. 1701ರ ಸುಮಾರಿಗೆ ವಿಧವೆಯಾಗಿದ್ದ ಎಲಿಜಬೆತ್ ಲ್ಯಾಂಡನ್ ವಿಲ್ಲಿಸ್ ಎಂಬಾಕೆಯನ್ನು ಮದುವೆಯಾದನು. ಆಕೆ 1719ರಲ್ಲಿ ನಿಧನಳಾದಳು. ಈ ಎರಡು ವಿವಾಹಗಳಿಂದ ಕಾರ್ಟರನಿಗೆ ಸುಮಾರು 15 ಮಕ್ಕಳು ಜನಿಸಿದರು. ಕೆಲವರು ಎಳವೆಯಲ್ಲಿಯೇ ಮೃತರಾದರು. ಗಂಡುಮಕ್ಕಳನ್ನು ಇಂಗ್ಲೆಂಡಿಗೆ ಕಳುಹಿಸಿ ಓದಿಸಿದನು. ಹೆಣ್ಣುಮಕ್ಕಳನ್ನು ವರ್ಜೀನಿಯಾದ ಪ್ರಮುಖ ತೋಟದೊಡೆಯರ ಮನೆಗಳಿಗೆ ಮದುವೆ ಮಾಡಿಕೊಟ್ಟನು. ಪ್ರೌಢ ವಯಸ್ಸಿಗೆ ಬಂದ ಮಕ್ಕಳಲ್ಲಿ ಪ್ರಮುಖರು ಹೀಗಿದ್ದಾರೆ:

ಜಾನ್ ಕಾರ್ಟರ್ (ನಿಧನ 1742): ಮೊದಲ ಹೆಂಡತಿಯ ಮಗ, ವಸಾಹತಿನ ಕಾರ್ಯದರ್ಶಿ. ಶರ್ಲಿ ತೋಟದ ಎಲಿಜಬೆತ್ ಹಿಲ್ ಎಂಬಾಕೆಯನ್ನು ವಿವಾಹವಾದನು.

ಎಲಿಜಬೆತ್: ಮೊದಲು ನಥಾನಿಯಲ್ ಬರ್ವೆಲ್, ಆತನ ಮರಣಾನಂತರ ಜಾರ್ಜ್ ನಿಕೊಲಸ್ ಈಕೆಯ ಪತಿ.

ಜುಡಿತ್: ರೋಸ್‌ವೆಲ್‌ನ ಮ್ಯಾನ್ ಪೇಜ್ ಈಕೆಯ ಪತಿ.

ರಾಬರ್ಟ್ (1704–1732): ನೋಮಿನಿಯ ಒಡೆಯ. ತಂದೆಗಿಂತ ಕೆಲವೇ ತಿಂಗಳು ಮೊದಲು ತೀರಿಕೊಂಡನು.

ಆ್ಯನ್: ಬರ್ಕ್ಲಿ ತೋಟದ ನಾಲ್ಕನೆಯ ಬೆಂಜಮಿನ್ ಹ್ಯಾರಿಸನ್ ಈಕೆಯ ಪತಿ.

ಚಾರ್ಲ್ಸ್ (1707–1764): ಕ್ಲೀವ್ ತೋಟದ ಒಡೆಯ.

ಲ್ಯಾಂಡನ್ (1710–1778): ಸಬೀನ್ ಹಾಲ್ ತೋಟದ ಒಡೆಯ, ಆ ಕಾಲದ ಬೇಸಾಯ ಮತ್ತು ಕುಟುಂಬಜೀವನವನ್ನು ತಿಳಿಸುವ ದಿನಚರಿಯಿಂದ ಪ್ರಸಿದ್ಧ.

ಮೇರಿ: ಜಾರ್ಜ್ ಬ್ರಾಕ್ಸ್‌ಟನ್ ಈಕೆಯ ಪತಿ.

ಲೂಸಿ: ಹೆನ್ರಿ ಫಿಟ್ಜ್‌ಹ್ಯೂ ಈಕೆಯ ಪತಿ.

ಕುಟುಂಬದಲ್ಲಿ ಜಾನ್, ರಾಬರ್ಟ್, ಚಾರ್ಲ್ಸ್ ಎಂಬ ಹೆಸರುಗಳು ಪ್ರತಿ ತಲೆಮಾರಿನಲ್ಲಿಯೂ ಮರಳಿ ಬರುತ್ತವೆ. ಆದ್ದರಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲು ತೋಟದ ಹೆಸರನ್ನು ಸೇರಿಸಿ ಹೇಳುವುದು ರೂಢಿ. ತಾಯಿಯ ಮನೆತನದ ಹೆಸರನ್ನು ಮಗನ ಮೊದಲ ಹೆಸರಾಗಿ ಇಡುವ ಪದ್ಧತಿಯೂ ಇತ್ತು. ಲ್ಯಾಂಡನ್ ಕಾರ್ಟರನ ಹೆಸರು ಆತನ ತಾಯಿಯ ತವರನ್ನು ಸೂಚಿಸುತ್ತದೆ. ಮೇರಿಯ ಮಗ ಕಾರ್ಟರ್ ಬ್ರಾಕ್ಸ್‌ಟನ್ ಮತ್ತು ಎಲಿಜಬೆತಳ ಮಗ ಕಾರ್ಟರ್ ಬರ್ವೆಲ್ ಇಬ್ಬರ ಹೆಸರುಗಳೂ ಇದೇ ಬಗೆಯವು. ಎಲಿಜಬೆತಳಿಗಾಗಿ ಜೇಮ್ಸ್ ನದಿಯ ಬಳಿ ಕೊಂಡಿದ್ದ ಜಮೀನು ಎಂದೆಂದಿಗೂ ಕಾರ್ಟರ್ಸ್ ಗ್ರೋವ್ ಎಂಬ ಹೆಸರಿನಿಂದಲೇ ಕರೆಯಲ್ಪಡಬೇಕೆಂದು ಕಾರ್ಟರ್ ತನ್ನ ಉಯಿಲಿನಲ್ಲಿ ವಿಧಿಸಿದನು. ಅದು ಇಂದಿಗೂ ಅದೇ ಹೆಸರಿನಲ್ಲಿದೆ.

ಕೊರೊಟೊಮನ್ ಮತ್ತು ಕ್ರೈಸ್ಟ್ ಚರ್ಚ್

1720ರ ದಶಕದಲ್ಲಿ ಕಾರ್ಟರ್ ಕೊರೊಟೊಮನ್‌ನಲ್ಲಿ ಇಟ್ಟಿಗೆಯ ಭವ್ಯ ಮನೆಯೊಂದನ್ನು ಕಟ್ಟಿಸಿದನು. 1729ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. 1970ರ ದಶಕದ ಕೊನೆಯಲ್ಲಿ ನಡೆದ ಉತ್ಖನನದಿಂದ ಅದರ ಅಡಿಪಾಯ ಮತ್ತು ವಿನ್ಯಾಸದ ವಿವರಗಳು ತಿಳಿದುಬಂದವು.

ತಂದೆ ಕಟ್ಟಿಸಿದ್ದ ಮರದ ಚರ್ಚಿನ ಸ್ಥಳದಲ್ಲಿಯೇ ಹೊಸದಾಗಿ ಇಟ್ಟಿಗೆಯ ಚರ್ಚನ್ನು ತನ್ನ ಸ್ವಂತ ಖರ್ಚಿನಲ್ಲಿ ಕಟ್ಟಿಸಿಕೊಡಲು ಕಾರ್ಟರ್ ಒಪ್ಪಿದನು. ತನ್ನ ಹೆತ್ತವರ ಸಮಾಧಿಯಿರುವ ಜಾಗವನ್ನು ಉಳಿಸಿಕೊಳ್ಳಬೇಕೆಂಬುದು ಆತನ ಷರತ್ತಾಗಿತ್ತು. ಕಾಮಗಾರಿ ಆತನ ಮರಣಾನಂತರ, 1735ರ ಸುಮಾರಿಗೆ ಪೂರ್ಣಗೊಂಡಿತು. ಶಿಲುಬೆಯಾಕಾರದ ಈ ಕಟ್ಟಡ ಹೆಚ್ಚಿನ ಮಾರ್ಪಾಡುಗಳಿಲ್ಲದೆ ಉಳಿದುಬಂದಿದ್ದು, ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕಗಳಲ್ಲಿ ಒಂದಾಗಿದೆ. ಒಳಗಿರುವ ಜಾನ್ ಕಾರ್ಟರನ ಸಮಾಧಿಶಿಲೆಯಲ್ಲಿ ಆತನ ಪತ್ನಿಯರ ಹೆಸರುಗಳೂ ಇರುವುದರಿಂದ ಅದು ಈ ವಂಶದ ಮೊದಲ ತಲೆಮಾರಿಗೆ ಮುಖ್ಯ ಆಧಾರವಾಗಿದೆ. ರಾಬರ್ಟ್ ಕಾರ್ಟರ್ ಮತ್ತು ಆತನ ಇಬ್ಬರು ಪತ್ನಿಯರ ಸಮಾಧಿಗಳು ಚರ್ಚಿನ ಹೊರಗಿವೆ.

ಮರಣ ಮತ್ತು ಆಸ್ತಿಪಟ್ಟಿ

ಕಾರ್ಟರ್ 1732ರ ಆಗಸ್ಟ್ 4ರಂದು ನಿಧನನಾದನು. ಸುಮಾರು 3,00,000 ಎಕರೆ ಭೂಮಿ, ಸುಮಾರು 1,000 ಗುಲಾಮರು ಮತ್ತು 10,000 ಪೌಂಡ್ ನಗದನ್ನು ಆತ ಬಿಟ್ಟುಹೋಗಿದ್ದಾನೆಂಬ ವರದಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತನ್ನ ಪ್ರತಿನಿಧಿಯಾಗಿದ್ದವನು ಇಷ್ಟೊಂದು ಸಿರಿವಂತನಾಗಿದ್ದನೆಂಬುದನ್ನು ಇದರಿಂದ ತಿಳಿದ ಆರನೆಯ ಲಾರ್ಡ್ ಫೇರ್‌ಫ್ಯಾಕ್ಸ್, ಆ ಸ್ಥಾನಕ್ಕೆ ಮತ್ತೊಬ್ಬ ತೋಟದೊಡೆಯನನ್ನು ನೇಮಿಸದೆ ತನ್ನ ಬಂಧು ವಿಲಿಯಂ ಫೇರ್‌ಫ್ಯಾಕ್ಸನನ್ನು ನೇಮಿಸಿದನು. 1735ರಲ್ಲಿ ತಾನೇ ವರ್ಜೀನಿಯಾಕ್ಕೆ ಬಂದು ಆಸ್ತಿಯನ್ನು ಪರಿಶೀಲಿಸಿದನು.

ಮರಣಾನಂತರ ಸಿದ್ಧಪಡಿಸಿದ ಆಸ್ತಿಪಟ್ಟಿಯಲ್ಲಿ 40ಕ್ಕೂ ಹೆಚ್ಚು ತೋಟಗಳ ವಿವರವಿದೆ. ಪಾತ್ರೆಪಗಡ, ಉಪಕರಣ, ದನಕರುಗಳ ಜೊತೆಯಲ್ಲಿ 700ಕ್ಕೂ ಹೆಚ್ಚು ಗುಲಾಮರ ಹೆಸರುಗಳು ಅದರಲ್ಲಿವೆ. ಒಂದು ವಿಶೇಷವೆಂದರೆ ಅನೇಕ ಕಡೆ ಗಂಡ, ಹೆಂಡತಿ ಮತ್ತು ಮಕ್ಕಳನ್ನು ಒಟ್ಟಾಗಿ, ಮಕ್ಕಳ ವಯಸ್ಸಿನೊಡನೆ ಬರೆಯಲಾಗಿದೆ. ಗುಲಾಮರ ವಿವಾಹಕ್ಕೆ ಕಾನೂನಿನ ಮಾನ್ಯತೆಯಿಲ್ಲದಿದ್ದ ಕಾಲದಲ್ಲಿ ಅವರ ಕುಟುಂಬಗಳನ್ನು ಗುರುತಿಸಿದ ಅಪರೂಪದ ದಾಖಲೆ ಇದು. ಬರೆದವರ ಉದ್ದೇಶ ಆಸ್ತಿಯ ಲೆಕ್ಕವಾಗಿತ್ತು. ಇಂದಿನ ಇತಿಹಾಸಕಾರರು ಅದನ್ನು ಆಫ್ರಿಕನ್ ಅಮೆರಿಕನ್ ಕುಟುಂಬಜೀವನದ ಅಧ್ಯಯನಕ್ಕೆ ಬಳಸುತ್ತಾರೆ.

ಸಂತತಿ

ಆ್ಯನ್‌ಳ ಮಗ ಐದನೆಯ ಬೆಂಜಮಿನ್ ಹ್ಯಾರಿಸನ್ ಮತ್ತು ಮೇರಿಯ ಮಗ ಕಾರ್ಟರ್ ಬ್ರಾಕ್ಸ್‌ಟನ್ 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರು. ಸಹಿ ಹಾಕಿದ ಇನ್ನೊಬ್ಬನಾದ ಕಿರಿಯ ಥಾಮಸ್ ನೆಲ್ಸನ್, ಎಲಿಜಬೆತಳ ಮಗಳ ಮಗ. ಬೆಂಜಮಿನ್ ಹ್ಯಾರಿಸನನ ಮಗ ವಿಲಿಯಂ ಹೆನ್ರಿ ಹ್ಯಾರಿಸನ್ ಅಮೆರಿಕದ 9ನೆಯ ರಾಷ್ಟ್ರಾಧ್ಯಕ್ಷನಾದನು. ಆತನ ಮೊಮ್ಮಗ ಬೆಂಜಮಿನ್ ಹ್ಯಾರಿಸನ್ 23ನೆಯ ರಾಷ್ಟ್ರಾಧ್ಯಕ್ಷನಾದನು. ಹಿರಿಯ ಮಗ ಜಾನ್‌ನ ಶಾಖೆಯಲ್ಲಿ ಶರ್ಲಿಯ ಚಾರ್ಲ್ಸ್ ಕಾರ್ಟರನ ಮಗಳು ಆ್ಯನ್ ಹಿಲ್ ಕಾರ್ಟರ್, ಅಂತರ್ಯುದ್ಧದಲ್ಲಿ ದಕ್ಷಿಣದ ಒಕ್ಕೂಟದ ಸೇನಾಪತಿಯಾಗಿದ್ದ ರಾಬರ್ಟ್ ಇ. ಲೀಯ ತಾಯಿ.

ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ಈ ಮನೆತನದ ಗುಲಾಮರೂ ತಮ್ಮ ಸ್ವಾತಂತ್ರ್ಯವನ್ನು ಅರಸಿದರು. 1776ರಲ್ಲಿ ಸಬೀನ್ ಹಾಲ್‌ನಿಂದ ಹಲವು ಗುಲಾಮರು ಬ್ರಿಟಿಷ್ ಗವರ್ನರ್ ಲಾರ್ಡ್ ಡನ್‌ಮೋರ್‌ನ ಪಡೆಯನ್ನು ಸೇರಲು ಓಡಿಹೋದುದನ್ನು ಲ್ಯಾಂಡನ್ ಕಾರ್ಟರ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ.

1791ರ ಬಿಡುಗಡೆ ಪತ್ರ

ಕಿಂಗ್ ಕಾರ್ಟರನ ಮೊಮ್ಮಗ, ನೋಮಿನಿ ಹಾಲ್‌ನ ಮೂರನೆಯ ರಾಬರ್ಟ್ ಕಾರ್ಟರ್ (1728–1804), ನಾಲ್ಕು ವರ್ಷದವನಾಗಿದ್ದಾಗ ತಂದೆಯನ್ನೂ ಅಜ್ಜನನ್ನೂ ಕಳೆದುಕೊಂಡು ದೊಡ್ಡ ಆಸ್ತಿಗೆ ವಾರಸುದಾರನಾಗಿದ್ದನು. 1778ರಲ್ಲಿ ಬ್ಯಾಪ್ಟಿಸ್ಟ್ ಪಂಥಕ್ಕೆ ಸೇರಿದ ಈತ ಕ್ರಮೇಣ ಗುಲಾಮಗಿರಿ ಅನ್ಯಾಯವೆಂಬ ನಿರ್ಧಾರಕ್ಕೆ ಬಂದನು. 1782ರಲ್ಲಿ ವರ್ಜೀನಿಯಾ ಶಾಸನಸಭೆ ಒಡೆಯರು ಸ್ವಇಚ್ಛೆಯಿಂದ ಗುಲಾಮರನ್ನು ಬಿಡುಗಡೆ ಮಾಡಲು ಅವಕಾಶ ನೀಡಿತ್ತು. ಅದರಂತೆ 1791ರಲ್ಲಿ ಆತ ಬಿಡುಗಡೆ ಪತ್ರವೊಂದನ್ನು ನಾರ್ಥಂಬರ್ಲೆಂಡ್ ಜಿಲ್ಲಾ ನ್ಯಾಯಾಲಯದಲ್ಲಿ ದಾಖಲಿಸಿದನು. ಅದರಲ್ಲಿ 452 ಗುಲಾಮರನ್ನು ಹೆಸರು ಮತ್ತು ವಯಸ್ಸಿನೊಡನೆ ಪಟ್ಟಿಮಾಡಲಾಗಿತ್ತು. ಬಿಡುಗಡೆ ಒಮ್ಮೆಲೇ ನಡೆಯದೆ ವರ್ಷಕ್ಕೊಂದಿಷ್ಟು ಮಂದಿಯಂತೆ ಹಂತಹಂತವಾಗಿ ನಡೆಯಬೇಕಿತ್ತು. ಮಕ್ಕಳು ನಿಗದಿತ ವಯಸ್ಸು ತುಂಬಿದ ಮೇಲೆ ಸ್ವತಂತ್ರರಾಗುತ್ತಿದ್ದರು. ಅಂತರ್ಯುದ್ಧಕ್ಕೆ ಮೊದಲು ಅಮೆರಿಕದಲ್ಲಿ ಒಬ್ಬನೇ ಒಡೆಯ ಮಾಡಿದ ಅತಿ ದೊಡ್ಡ ಬಿಡುಗಡೆ ಇದೆಂದು ಪರಿಗಣಿಸಲಾಗಿದೆ.

ನೆರೆಹೊರೆಯವರ ಮತ್ತು ಸ್ವಂತ ಕುಟುಂಬದವರ ವಿರೋಧವನ್ನು ಎದುರಿಸಿದ ಮೂರನೆಯ ರಾಬರ್ಟ್ 1793ರಲ್ಲಿ ವರ್ಜೀನಿಯಾವನ್ನು ತೊರೆದು ಬಾಲ್ಟಿಮೋರಿನಲ್ಲಿ ನೆಲೆಸಿ, ಅಲ್ಲಿಯೇ ನಿಧನನಾದನು. ಅಜ್ಜನ ಸಮಾಧಿಯ ಮೇಲೆ ಕೆತ್ತನೆಯ ಅಮೃತಶಿಲೆಯಿದ್ದರೆ, ಈ ಮೊಮ್ಮಗನನ್ನು ಗುರುತುಕಲ್ಲಿಲ್ಲದ ಸಮಾಧಿಯಲ್ಲಿ ಹೂಳಲಾಯಿತು.

ವಂಶಾವಳಿಯ ಆಧಾರಗಳು

ಕಾರ್ಟರ್ ವಂಶದ ಅಧ್ಯಯನಕ್ಕೆ ಉಯಿಲುಗಳು, ಭೂಮಂಜೂರಾತಿ ಪತ್ರಗಳು, ಕೌಂಟಿ ನ್ಯಾಯಾಲಯದ ಕಡತಗಳು, ಸಮಾಧಿಶಿಲೆಗಳು ಮತ್ತು ಕಿಂಗ್ ಕಾರ್ಟರನ ಪತ್ರಗಳು ಹಾಗೂ ದಿನಚರಿ ಮುಖ್ಯ ಆಧಾರಗಳಾಗಿವೆ. ಒಡೆಯರ ವಂಶವನ್ನು ಈ ದಾಖಲೆಗಳ ಮೂಲಕ ತಂದೆಯಿಂದ ಮಗನಿಗೆ ಸುಲಭವಾಗಿ ಹಿಂಬಾಲಿಸಬಹುದು. ಆದರೆ ಕಾರ್ಟರ್ ಎಂಬ ಉಪನಾಮ ಇಂಗ್ಲಿಷರಲ್ಲಿ ಬಹಳ ಸಾಮಾನ್ಯವಾದುದರಿಂದ ಕೇವಲ ಹೆಸರಿನ ಹೋಲಿಕೆಯನ್ನು ಆಧರಿಸಿ ಈ ಮನೆತನದ ಸಂಬಂಧವನ್ನು ನಿರ್ಧರಿಸಲಾಗದು.

ಗುಲಾಮರ ವಂಶವನ್ನು ಅರಸುವವರು ಇದೇ ಕಡತಗಳನ್ನು ಬೇರೆ ಕ್ರಮದಲ್ಲಿ ಓದಬೇಕಾಗುತ್ತದೆ. ಅಲ್ಲಿ ಉಪನಾಮಗಳು ವಿರಳ. ತಾಯಿ ಮತ್ತು ಮಗುವಿನ ಸಂಬಂಧ, ವಯಸ್ಸು ಮತ್ತು ತೋಟದ ಹೆಸರುಗಳೇ ದಾರಿ ತೋರಿಸುವ ಗುರುತುಗಳು. ಉಯಿಲಿನ ಪ್ರಕಾರ ಒಡೆಯನ ಮಕ್ಕಳಲ್ಲಿ ಯಾರಿಗೆ ಯಾವ ತೋಟ ಹೋಯಿತೆಂಬುದನ್ನು ಅರಿಯದೆ, ಆ ತೋಟದಲ್ಲಿದ್ದ ಗುಲಾಮ ಕುಟುಂಬ ಮುಂದೆ ಎಲ್ಲಿಗೆ ಹೋಯಿತೆಂದು ತಿಳಿಯಲಾಗದು. 1733ರ ವೇಳೆಯ ಆಸ್ತಿಪಟ್ಟಿಯಿಂದ 1791ರ ಬಿಡುಗಡೆ ಪತ್ರದವರೆಗಿನ ಕಾಗದಗಳು ಹೀಗೆ ಎರಡೂ ವಂಶಗಳನ್ನು ಒಂದಕ್ಕೊಂದು ಹೆಣೆದಿವೆ. ಬಿಡುಗಡೆ ಹೊಂದಿದವರ ಅನೇಕ ವಂಶಸ್ಥರು ಇಂದು ತಮ್ಮ ಪೂರ್ವಜರ ಹೆಸರುಗಳನ್ನು ಆ 452 ಹೆಸರುಗಳ ಪಟ್ಟಿಯಲ್ಲಿ ಗುರುತಿಸುತ್ತಾರೆ.